ಕಂಪನಿ ರಿಮೋಟ್ ಸಾಕಾ, ಅಲಾರಂ ಕಿಟ್ ಬೇಕಾ?

ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಇದನ್ನು ತುಂಬಾ ಕೇಳುತ್ತಾರೆ.

ಕಂಪನಿ ರಿಮೋಟ್ ಬರೀ ಬಾಗಿಲು ಲಾಕ್ ಮಾಡುತ್ತದೆ ಅಂದುಕೊಳ್ಳಬೇಡಿ. ಈಚಿನ ಬಹಳಷ್ಟು ಕಾರುಗಳ ಕೀಲಿಯಲ್ಲಿ ಇಮೊಬಿಲೈಸರ್ ಚಿಪ್ ಇರುತ್ತದೆ. ಚಿಪ್ ಗುರುತು ಸಿಗದಿದ್ದರೆ ಎಂಜಿನ್ ಸ್ಟಾರ್ಟ್ ಆಗಲ್ಲ. ರಿಮೋಟಿನ ಸೆಲ್ ಸತ್ತರೂ ಸಾಮಾನ್ಯವಾಗಿ ಈ ಚಿಪ್ ಕೆಲಸ ಮಾಡುತ್ತದೆ. ಆದರೆ ಕೂಗುವ ಅಲಾರಂ ಎಲ್ಲ ಮಾಡೆಲ್‌ಗೂ ಬರುವುದಿಲ್ಲ.

ಹೊರಗಿನ ಕಿಟ್‌ನಲ್ಲಿ ಸಾಮಾನ್ಯವಾಗಿ ಸೈರನ್, ಅಲುಗಾಟ ಗುರುತಿಸುವ ಶಾಕ್ ಸೆನ್ಸರ್ ಎರಡೂ ಇರುತ್ತವೆ. ನಮ್ಮದಂತೂ ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿದಾಗ, ಪಕ್ಕದಲ್ಲಿ ಬುಲೆಟ್ ಹೋದರೂ ಕಿರುಚುತ್ತಿತ್ತು. ಸೆನ್ಸರಿನ ಸಣ್ಣ ಸ್ಕ್ರೂ ತಿರುಗಿಸಿ ಅದರ ಸೂಕ್ಷ್ಮತೆ ಕಡಿಮೆ ಮಾಡಿಸಿದ ಮೇಲೆ ಸುಮ್ಮನಾಯಿತು. ನಿಂತ ಕಾರಿನ ಬ್ಯಾಟರಿಯನ್ನೂ ಕಿಟ್ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೂ ತೊಂದರೆ ಆಗಬಹುದು.

ಇಮೊಬಿಲೈಸರ್ ಇದ್ದರೆ ನಾನು ಕಿಟ್ ಹಾಕಿಸಲ್ಲ, ಆ ದುಡ್ಡಿಗೆ ಒಳ್ಳೆ ಸ್ಟೇರಿಂಗ್ ಲಾಕ್ ತಗೊಳ್ತೀನಿ. ಹಳೆ ಕಾರು, ರಾತ್ರಿ ರಸ್ತೆಯಲ್ಲೇ ನಿಲ್ಲಿಸ್ತೀರಾ? ಹಾಗಿದ್ರೆ ಕಿಟ್ ಹಾಕಿಸಿ. ಯಾವುದೇ ಇರಲಿ, ಬಟನ್ ಒತ್ತಿದ ಮೇಲೆ ಹ್ಯಾಂಡಲ್ ಒಮ್ಮೆ ಎಳೆದು ನೋಡಿ.