ಮೂಲ ಡೊಮೇನ್‌ಗೂ ಸಿನೇಮ್: ಕ್ಲೌಡ್‌ಫ್ಲೇರ್ ಡಿಎನ್ಎಸ್ ಕುರಿತು

ಪುಸ್ತಕದಂಗಡಿ, ನಾಟಕ ತಂಡ, ಶಾಲೆ ಹೀಗೆ ಪರಿಚಯದವರ ಸಣ್ಣ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತೇನೆ. ಅವುಗಳ ಡೊಮೇನ್‌ಗಳೆಲ್ಲ ಹಲವು ವರ್ಷಗಳಿಂದ ಕ್ಲೌಡ್‌ಫ್ಲೇರ್‌ನ ಉಚಿತ ಡಿಎನ್ಎಸ್ (ಸೈಟ್‌ನ ಹೆಸರು ಕೇಳಿದವರಿಗೆ ಅದರ ಸರ್ವರ್‌ನ ವಿಳಾಸ ತಿಳಿಸುವ ವ್ಯವಸ್ಥೆ) ಸೇವೆಯಲ್ಲಿವೆ. ಇದನ್ನು ಬಿಡದೇ ಇರುವುದಕ್ಕೆ ಮುಖ್ಯ ಕಾರಣ ವೇಗವೂ ಅಲ್ಲ, ಉಚಿತ ಎಂಬುದೂ ಅಲ್ಲ. ಮೂಲ ಡೊಮೇನ್‌ಗೂ, ಅಂದರೆ ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ ಬರಿಯ ಹೆಸರಿಗೂ, ಸಿನೇಮ್ ಎಂಬ ರೆಕಾರ್ಡ್ ಹಾಕಲು ಇಲ್ಲಿ ಅವಕಾಶವಿದೆ.

ರೆಕಾರ್ಡ್ ಎಂದರೆ ಡಿಎನ್ಎಸ್‌ನಲ್ಲಿ ಒಂದು ಹೆಸರಿಗೆ ಬರೆದಿಡುವ ನಮೂದು. ಎ ರೆಕಾರ್ಡ್ ಹೆಸರನ್ನು ನೇರವಾಗಿ ಸರ್ವರ್‌ನ ಅಂಕಿಗಳ ವಿಳಾಸವಾದ ಐಪಿಗೆ, ಅದರ ಹಳೆಯ ಬಗೆಯಾದ ಐಪಿವಿ4 ವಿಳಾಸಕ್ಕೆ ಕಟ್ಟುತ್ತದೆ, ಎಎಎಎ ರೆಕಾರ್ಡ್ ಹೊಸ ಬಗೆಯ ಐಪಿವಿ6 ವಿಳಾಸಕ್ಕೆ. ಸಿನೇಮ್ ಮಾತ್ರ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಒಪ್ಪಿಸುತ್ತದೆ. ಸರ್ವರ್ ನಮ್ಮದೇ ಆಗಿ ಐಪಿ ಸ್ಥಿರವಾಗಿದ್ದರೆ ಎ ಸಾಕು. ಸೈಟ್ ಬೇರೆಯವರ ಹೋಸ್ಟಿಂಗ್‌ನಲ್ಲಿದ್ದರೆ ಸಿನೇಮ್ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಾಟಕ ತಂಡದ ಸೈಟ್ ಹಿಂದೆ ಬೇರೊಂದು ಕಂಪನಿಯಲ್ಲಿತ್ತು. ಅವರು ಸೂಚನೆ ಕೊಡದೆ ಸರ್ವರ್ ಬದಲಿಸಿದರು. ಅವರೇ ಬರೆದಿಟ್ಟಿದ್ದ ಎ ರೆಕಾರ್ಡ್ ಹಳೆಯ ಐಪಿಯನ್ನೇ ತೋರಿಸುತ್ತಿತ್ತು. ಪ್ರದರ್ಶನದ ವಾರದಲ್ಲೇ ಟಿಕೆಟ್ ಪುಟ ತೆರೆಯಲಿಲ್ಲ.

ಆದರೆ ಸಿನೇಮ್‌ಗೆ ಒಂದು ಕಟ್ಟುಪಾಡಿದೆ. ಅದಿರುವ ಹೆಸರಿನಲ್ಲಿ ಬೇರೆ ರೆಕಾರ್ಡ್ ಇರಬಾರದು ಎನ್ನುತ್ತದೆ ಡಿಎನ್ಎಸ್‌ನ ನಿಯಮಗಳಿರುವ 1987ರ ದಾಖಲೆ ಆರ್‌ಎಫ್‌ಸಿ 1034. ಮೂಲ ಡೊಮೇನ್‌ನಲ್ಲಿ ಎಸ್‌ಒಎ (ಡೊಮೇನ್‌ನ ಆಡಳಿತ ವಿವರ) ಮತ್ತು ಎನ್‌ಎಸ್ (ಅದರ ನೇಮ್ ಸರ್ವರ್‌ಗಳ ಹೆಸರು) ರೆಕಾರ್ಡ್‌ಗಳು ಇರಲೇಬೇಕು. ಇಮೇಲ್ ಇದ್ದರೆ ಮೇಲ್ ಸರ್ವರ್ ಯಾವುದೆಂದು ಹೇಳುವ ಎಂಎಕ್ಸ್ ಕೂಡ. ಹಾಗಾಗಿ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರಿಗೆ ಸಿನೇಮ್ ಸಲ್ಲುತ್ತದೆ, ಅದಿಲ್ಲದ ಹೆಸರಿಗೆ ಸಲ್ಲದು. ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆ ಮೂಲ ಡೊಮೇನ್‌ಗಾಗಿ 185.199.108.153ರಿಂದ 185.199.111.153ರವರೆಗೆ ನಾಲ್ಕು ಐಪಿಗಳನ್ನು ಕೊಡುವುದು ಇದಕ್ಕಾಗಿಯೇ. ಕ್ಲೌಡ್‌ಫ್ಲೇರ್‌ನಲ್ಲಿ ಮೂಲ ಡೊಮೇನ್‌ಗೆ ಸಿನೇಮ್ ಬರೆದರೆ, ಅದು ಸೂಚಿಸುವ ಹೆಸರಿನ ಐಪಿಯನ್ನು ಅವರ ಸರ್ವರ್ ತಾನೇ ಹುಡುಕಿ, ಕೇಳಿದವರಿಗೆ ಎ ಅಥವಾ ಎಎಎಎ ಉತ್ತರವನ್ನಷ್ಟೇ ಕೊಡುತ್ತದೆ. ನಿಯಮವೂ ಮುರಿಯುವುದಿಲ್ಲ, ಪಕ್ಕದಲ್ಲಿರುವ ಎಂಎಕ್ಸ್‌ಗೂ ತೊಂದರೆಯಿಲ್ಲ. ಎಷ್ಟು ಅಚ್ಚುಕಟ್ಟಾದ ಕೆಲಸ! ಅಮೆಜಾನ್‌ನ ರೂಟ್ 53 ಸೇವೆಯಲ್ಲೂ ಏಲಿಯಾಸ್ ಎಂಬ ಸೌಲಭ್ಯವಿದೆ, ಆದರೆ ಅದು ಮುಖ್ಯವಾಗಿ ಅಮೆಜಾನ್‌ನದೇ ಸೇವೆಗಳಿಗೆ ಒದಗುತ್ತದೆ.

ಎಚ್ಚರಿಕೆ ಬೇಕಾದದ್ದು ಕ್ಲೌಡ್‌ಫ್ಲೇರ್‌ನಲ್ಲಿ ರೆಕಾರ್ಡ್‌ನ ಪಕ್ಕದಲ್ಲಿ ಕಾಣುವ ಕಿತ್ತಳೆ ಮೋಡದ ಗುರುತಿನ ವಿಷಯದಲ್ಲಿ. ಸಂಚಾರ ಕ್ಲೌಡ್‌ಫ್ಲೇರ್‌ನ ಸರ್ವರ್ ಮೂಲಕ ಹೋಗುತ್ತದೆ ಎಂಬುದು ಅದರ ಅರ್ಥ. ಅದು ಇರುವ ಹೆಸರಿಗೆ ಹೊರಗಿನವರಿಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ಐಪಿ. ಸಾಮಾನ್ಯವಾಗಿ ವೆಬ್ ಸಂಚಾರವಷ್ಟೇ ಅದರ ಮೂಲಕ ದಾಟುತ್ತದೆ. ಮೇಲ್ ಸರ್ವರ್‌ನ ಹೆಸರಿಗೆ ಹಾಕಿದರೆ ಅಂಚೆ ನಿಲ್ಲುತ್ತದೆ. ಡೊಮೇನ್ ನಿಮ್ಮದೇ ಎಂದು ಸಿನೇಮ್ ಮೂಲಕ ಪರಿಶೀಲಿಸುವ ಸೇವೆಗಳಿಗೂ ಆ ಸಿನೇಮ್ ಕಾಣುವುದಿಲ್ಲ. ಇಂಥಲ್ಲಿ ಗುರುತನ್ನು ಬೂದು ಬಣ್ಣಕ್ಕೆ ತಿರುಗಿಸಬೇಕು. ಉತ್ತರವನ್ನು ಇತರರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂದು ಹೇಳುವ ಟಿಟಿಎಲ್ ಅನ್ನು ಆಟೊ ಎಂದು ಬಿಟ್ಟರೆ 300 ಸೆಕೆಂಡು, ಅಂದರೆ ಬದಲಾವಣೆ ಬಹುತೇಕ ಐದು ನಿಮಿಷದಲ್ಲಿ ಹರಡುತ್ತದೆ.

ಉಚಿತ ಯೋಜನೆಯಲ್ಲಿ ನೇಮ್ ಸರ್ವರ್‌ಗಳನ್ನೇ, ಅಂದರೆ ಡೊಮೇನ್ ಕುರಿತ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯನ್ನೇ, ಕ್ಲೌಡ್‌ಫ್ಲೇರ್‌ಗೆ ಒಪ್ಪಿಸಬೇಕಾಗುವುದು ನನಗೆ ಒಪ್ಪಿಗೆಯಾಗದ ಅಂಶ. ಸೇರುವಾಗ ಹಳೆಯ ರೆಕಾರ್ಡ್‌ಗಳನ್ನು ಅದು ತಾನಾಗಿಯೇ ಹುಡುಕಿ ತರುತ್ತದೆ, ಆದರೆ ಎಲ್ಲವೂ ಸಿಗುತ್ತವೆಂಬ ಖಾತರಿಯಿಲ್ಲ. ಇಮೇಲ್ ನಿಜವಾದದ್ದೇ ಎಂದು ಪರಿಶೀಲಿಸಲು ನೆರವಾಗುವ ಡಿಕೆಐಎಂ ರೆಕಾರ್ಡ್ ಊಹಿಸಲಾಗದ ಹೆಸರಿನಲ್ಲಿರಬಹುದು. ಅದನ್ನು ಕೈಯಾರೆ ಸೇರಿಸಿ. ಹಳೆಯ ಕಡೆ ಡಿಎನ್ಎಸ್‌ಎಸ್‌ಇಸಿ (ಡಿಎನ್ಎಸ್ ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ) ಇದ್ದರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿದ ಕಂಪನಿ) ಬಳಿಯ, ಆ ಸಹಿಗೆ ಸಂಬಂಧಿಸಿದ ಡಿಎಸ್ ರೆಕಾರ್ಡ್ ಮೊದಲು ತೆಗೆಸಿ, ಅದರ ಟಿಟಿಎಲ್ ಮುಗಿದ ಮೇಲೆಯೇ ನೇಮ್ ಸರ್ವರ್ ಬದಲಿಸಿ.