‘ಪಾಸ್ಡ್’ ಅಂದ ಮಾತ್ರಕ್ಕೆ ಡಿಸ್ಕ್ ನಂಬಬೇಡಿ: ಸರ್ವರ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್

ಡಿಸ್ಕಿನ ಆರೋಗ್ಯ ನೋಡೋ ಪುಕ್ಕಟೆ ಟೂಲ್ ಸ್ಮಾರ್ಟ್‌ಮಾನ್‌ಟೂಲ್ಸ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಆಗಿದ್ದು ‘ಪಾಸ್ಡ್’ ಅನ್ನೋ ಒಂದೇ ಸಾಲಿಗೆ.

ಇದರ ಕಮಾಂಡ್ ಸ್ಮಾರ್ಟ್‌ಸಿಟಿಎಲ್‌ಗೆ -ಎಚ್ (ದೊಡ್ಡಕ್ಷರ H) ಕೊಟ್ಟರೆ, ಸೆಕ್ಟರ್‌ಗಳು (ಡೇಟಾ ಕೂರೋ ಚಿಕ್ಕ ತುಂಡುಗಳು) ಒಂದೊಂದೇ ಉದುರುತ್ತಿರೋ ಡಿಸ್ಕಿಗೂ ಈ ಸರ್ಟಿಫಿಕೇಟು ಸಿಗಬಹುದು. ಪಾಸು-ಫೇಲಿನ ಗೆರೆ ಎಳೆಯೋದು ಡಿಸ್ಕ್ ತಯಾರಕರು. ಅದು ಎಷ್ಟು ಕೆಳಗಿರುತ್ತೆ ಅಂದ್ರೆ ‘ಫೇಲ್ಡ್’ ಬರೋ ಹೊತ್ತಿಗೆ ಬ್ಯಾಕಪ್‌ಗೂ ಪುರುಸೊತ್ತು ಸಿಗದೇ ಹೋಗಬಹುದು.

ಆ ಸಾಲು ಬಿಟ್ಟು, ಡಿಸ್ಕ್ ತಾನೇ ಇಟ್ಟುಕೊಳ್ಳೋ ಎಣಿಕೆಗಳ ನಂಬರ್ ಹಾಕಿದ ಪಟ್ಟಿಯಲ್ಲಿ ಬಲತುದಿಯ ರಾ ವ್ಯಾಲ್ಯೂ (ಕಚ್ಚಾ ಎಣಿಕೆ) ಕಾಲಮ್ ನೋಡಿ. 5ನೇ ನಂಬರ್ ಅಂದ್ರೆ ಕೆಟ್ಟು, ಬದಲಿ ಜಾಗ ಪಡೆದ ಸೆಕ್ಟರ್‌ಗಳ ಲೆಕ್ಕ. ಅಲ್ಲಿ 8 ಇದ್ದು ಆರು ತಿಂಗಳಾದರೂ 8 ಆಗೇ ಇದ್ರೆ ಸಹಿಸಬಹುದು. ವಾರವಾರ 8, 24, 56 ಅಂತ ಏರಿದರೆ ಹೊಸ ಡಿಸ್ಕ್ ಆರ್ಡರ್ ಮಾಡಿ. 197 ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳದ್ದು: ಓದೋಕೆ ಬರ್ತಿಲ್ಲ, ಮೇಲೆ ಮತ್ತೆ ಬರೆದಾಗ ಸರಿಹೋಗುತ್ತೆ, ಇಲ್ಲವೇ 5ರ ಲೆಕ್ಕಕ್ಕೆ ಸೇರುತ್ತೆ. 199 (ಡೇಟಾ ಸಾಗಿಸುವಾಗಿನ ತಪ್ಪುಗಳು) ಏರಿದರೆ ಮೊದಲು ಡಿಸ್ಕ್ ಜೋಡಿಸೋ ಸಾಟಾ ಕೇಬಲ್ ಬದಲಿಸಿ. ಆ ಸಂಖ್ಯೆ ಮತ್ತೆ ಇಳಿಯಲ್ಲ, ಏರೋದು ನಿಂತಿತೇ ಅಂತ ಮಾತ್ರ ನೋಡಿ. ಸೀಗೇಟ್ ಕಂಪನಿ ಡಿಸ್ಕ್‌ನಲ್ಲಿ 1 ಮತ್ತು 7ರ (ಓದು, ಹುಡುಕಾಟದ ತಪ್ಪುಗಳು) ಎದುರು ಕೋಟಿಗಟ್ಟಲೆ ಕಂಡ್ರೂ ಗಾಬರಿ ಬೇಡ, ಅದರಲ್ಲಿ ಒಟ್ಟು ಓದು-ಹುಡುಕಾಟದ ಎಣಿಕೆಯೂ ಸೇರಿರುತ್ತೆ.

ಇದರ ಜೊತೆಗೇ ಬರೋ, ಹಿನ್ನೆಲೆಯಲ್ಲಿ ಓಡುತ್ತಾ ಕಾವಲು ಕಾಯೋ ಸ್ಮಾರ್ಟ್‌ಡಿ ಸೆಟ್ ಮಾಡಿದ ಮೇಲೆ ಈ ಟೂಲ್ ಮೇಲಿನ ಸಿಟ್ಟು ಅರ್ಧ ಇಳಿಯುತ್ತೆ. ಅರ್ಧ ಗಂಟೆಗೊಮ್ಮೆ ತಾನೇ ನೋಡುತ್ತೆ, 197, 198 (ಸರಿಪಡಿಸಲಾಗದ ಸೆಕ್ಟರ್‌ಗಳು) ಸೊನ್ನೆ ದಾಟಿದ್ರೆ ಮೇಲ್ ಕಳಿಸುತ್ತೆ. ಆದರೆ 5 ಏರಿದ್ದಕ್ಕೆ ತಾನಾಗಿ ಮೇಲ್ ಬರಲ್ಲ. ಅದರ ಕಾನ್ಫಿಗ್ ಫೈಲ್‌ನಲ್ಲಿ ‘-ಆರ್ 5!’ (ದೊಡ್ಡಕ್ಷರ R) ಸೇರಿಸಬೇಕು. ಆ ಆಶ್ಚರ್ಯಚಿಹ್ನೆ ಬಿಟ್ಟರೆ ಲಾಗ್‌ನಲ್ಲಿ ಬಿದ್ದಿರುತ್ತೆ ಅಷ್ಟೇ. ಇನ್ನೊಂದು: ಡಿಸ್ಕ್‌ಗಳನ್ನು ತಾನೇ ಹುಡುಕು ಅನ್ನೋ ‘ಡಿವೈಸ್‌ಸ್ಕ್ಯಾನ್’ ಸಾಲಿನ ಕೆಳಗೆ ಏನು ಬರೆದರೂ ಸ್ಮಾರ್ಟ್‌ಡಿ ಓದಲ್ಲ. ನಿಮ್ಮ ಸಾಲುಗಳು ಮೇಲಿರಲಿ, ಇಲ್ಲವೇ ಡಿವೈಸ್‌ಸ್ಕ್ಯಾನ್ ಸಾಲಿನ ಮುಂದೆ # ಹಾಕಿ ಕಾಮೆಂಟ್ ಮಾಡಿ. ‘-ಎಂ ಟೆಸ್ಟ್’ (ದೊಡ್ಡಕ್ಷರ M) ಹಾಕಿ ರೀಸ್ಟಾರ್ಟ್ ಮಾಡಿದ್ರೆ ಪರೀಕ್ಷೆ ಮೇಲ್ ಬರಬೇಕು. ಬರದಿದ್ರೆ ಸರ್ವರ್‌ನಲ್ಲಿ ಮೇಲ್ ಕಳಿಸೋ ವ್ಯವಸ್ಥೆಯೇ ಇಲ್ಲದಿರಬಹುದು.

ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸೋ ರೈಡ್ (RAID) ಕಾರ್ಡ್ ಹಿಂದಿನ ಡಿಸ್ಕ್ ನೇರವಾಗಿ ಕಾಣಲ್ಲ, ಕಾರ್ಡ್ ಮೆಗಾರೈಡ್ ಜಾತಿಯದಾದ್ರೆ ‘-ಡಿ ಮೆಗಾರೈಡ್’ (ಸಣ್ಣಕ್ಷರ d) ಜೊತೆ ಡಿವೈಸ್ ಐಡಿ ಕೊಡಬೇಕು. ಸ್ಲಾಟ್ ನಂಬರ್ ಕೊಟ್ಟು ‘ಡಿಸ್ಕೇ ಇಲ್ಲ’ ಅಂತ ತಲೆ ಕೆಡಿಸಿಕೊಳ್ಳೋರು ಬಹಳ.

ಇಷ್ಟೆಲ್ಲ ಮಾಡಿದ್ರೂ ಸುಳಿವೇ ಕೊಡದೆ ಹೋಗೋ ಡಿಸ್ಕ್‌ಗಳಿವೆ. ಗೂಗಲ್‌ನ 2007ರ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಎಣಿಕೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಟೂಲ್ ಪುಕ್ಕಟೆ ತಾನೇ, ಉಳಿದ ದುಡ್ಡಿಗೆ ಒಂದು ಸ್ಪೇರ್ ಡಿಸ್ಕ್ ತಂದಿಡಿ.