ಈಸ್ಟ್ ಏಷ್ಯಾ ಫೋರಂ: ವರ್ಷಗಟ್ಟಲೆ ಓದಿದ ಮೇಲೆ ಅನಿಸಿದ್ದು

ಏಷ್ಯಾದ ಬೇರೆ ದೇಶಗಳ ರಾಜಕೀಯ ನಮಗೆ ಸುದ್ದಿಯಾಗುವುದು ಎರಡೇ ಸಂದರ್ಭದಲ್ಲಿ. ಚೀನಾ ಗಡಿಯಲ್ಲಿ ಏನಾದರೂ ಮಾಡಬೇಕು, ಇಲ್ಲವೇ ಎಲ್ಲಾದರೂ ಸರ್ಕಾರ ಬಿದ್ದು ಜನ ಬೀದಿಗಿಳಿಯಬೇಕು. ಎರಡು ದಿನ ಜೋರಾಗಿ ತೋರಿಸುತ್ತಾರೆ, ಆಮೇಲೆ ಬೇರೆ ಸುದ್ದಿ. ಯಾಕೆ ಹಾಗಾಯ್ತು ಅನ್ನೋದು ಗೊತ್ತಾಗುವುದೇ ಇಲ್ಲ. ಆ ‘ಯಾಕೆ’ಗೋಸ್ಕರ ನಾನು ಕೋವಿಡ್‌ಗೆ ಮುಂಚಿನಿಂದಲೂ ಬಿಡದೆ ಓದುತ್ತಿರುವುದು ಈಸ್ಟ್ ಏಷ್ಯಾ ಫೋರಂ ಅನ್ನುವ ಇಂಗ್ಲಿಷ್ ಜಾಲತಾಣ. ಕನ್ನಡದಲ್ಲಿ ಇದರ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದನ್ನು ನಡೆಸುವುದು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಕ್ರಾಫರ್ಡ್ ಸ್ಕೂಲ್. ಶುರುವಾಗಿದ್ದು 2006ರಲ್ಲಿ. ಪೀಟರ್ ಡ್ರೈಸ್ಡೇಲ್, ಶಿರೋ ಆರ್ಮ್‌ಸ್ಟ್ರಾಂಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಕಟ್ಟಿ ಬೆಳೆಸಿದ ಸಂಪಾದಕರು. ಓದಲು ದುಡ್ಡು ಕೊಡಬೇಕಿಲ್ಲ. ಅರ್ಧ ಓದುವಾಗ ಚಂದಾ ಕಟ್ಟಿ ಅಂತ ಅಡ್ಡ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಒಂದೇ ವಿಷಯದ ಮೇಲೆ ಒಂದು ಸಂಚಿಕೆ ಬರುತ್ತದೆ, ಅದರ ಪಿಡಿಎಫ್ ಕೂಡ ಉಚಿತ.

ಬರೆಯುವವರು ಪತ್ರಕರ್ತರಲ್ಲ. ಹೆಚ್ಚಿನವರು ಒಂದೇ ದೇಶವನ್ನೋ ಒಂದೇ ವಿಷಯವನ್ನೋ ವರ್ಷಾನುಗಟ್ಟಲೆ ಓದಿಕೊಂಡವರು. ಲೇಖನ ಸುಮಾರು 800 ಪದಕ್ಕೆ ಮುಗಿಯುತ್ತದೆ. ಈ ಅಳತೆಯೇ ಇದರ ದೊಡ್ಡ ಗುಣ ಅಂತ ನನಗನಿಸುತ್ತದೆ. ನಲವತ್ತು ಪುಟದಲ್ಲಿ ಹೇಳುವುದನ್ನು ಎರಡು ಪುಟದಲ್ಲಿ ಹೇಳಬೇಕಾದಾಗ ಪಂಡಿತರಿಗೂ ಸುತ್ತಿ ಬಳಸಿ ಮಾತಾಡಲು ಜಾಗ ಇರುವುದಿಲ್ಲ. ಕೊನೆಯಲ್ಲಿ ಬರೆದವರು ಯಾರು, ಎಲ್ಲಿ ಕೆಲಸ ಮಾಡುತ್ತಾರೆ ಅಂತ ಒಂದು ಸಾಲು ಇರುತ್ತದೆ. ನಾನು ಅದನ್ನೇ ಮೊದಲು ನೋಡುತ್ತೇನೆ. ಥಾಯ್ಲೆಂಡ್ ಬಗ್ಗೆ ಬರೆದವರು ಅಲ್ಲಿಯವರಾ, ಹೊರಗೆ ಕೂತು ನೋಡುವವರಾ ಅಂತ ಗೊತ್ತಾದರೆ ಓದುವ ರೀತಿಯೇ ಬದಲಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 2024ರ ಫೆಬ್ರವರಿ 14ರಂದು ಇಂಡೊನೇಷ್ಯಾದಲ್ಲಿ ಪ್ರಬೋವೊ ಸುಬಿಯಾಂತೊ ಶೇ 58ಕ್ಕೂ ಜಾಸ್ತಿ ಮತ ಪಡೆದು ಮೊದಲ ಸುತ್ತಿನಲ್ಲೇ ಗೆದ್ದರು. ಮಾಜಿ ಸೇನಾಧಿಕಾರಿ ಅಧ್ಯಕ್ಷರಾದರು, ಇಷ್ಟೇ ನಮಗೆ ಸಿಕ್ಕ ಸುದ್ದಿ. ಇದರ ಹಿಂದಿನ ಕಥೆ ಬೇರೆಯೇ ಇದೆ. 2014ರಲ್ಲೂ 2019ರಲ್ಲೂ ಪ್ರಬೋವೊ ಸೋತಿದ್ದು ಜೋಕೊ ವಿಡೋಡೊ ಎದುರು. ಆಮೇಲೆ ಅದೇ ವಿಡೋಡೊ ಸರ್ಕಾರದಲ್ಲಿ ರಕ್ಷಣಾ ಸಚಿವರಾದರು. ವಿಡೋಡೊಗೆ ಮೂರನೇ ಅವಧಿಗೆ ನಿಲ್ಲುವ ಹಾಗಿಲ್ಲ, ಆದರೆ ಜನಪ್ರಿಯತೆ ಕಡಿಮೆಯಾಗಿಲ್ಲ. ಪ್ರಬೋವೊಗೆ ಬೇಕಿದ್ದದ್ದು ಆ ಜನಪ್ರಿಯತೆಯೇ. ಹಾಗಾಗಿ ವಿಡೋಡೊ ಮಗ ಗಿಬ್ರಾನ್ ಉಪಾಧ್ಯಕ್ಷ ಅಭ್ಯರ್ಥಿಯಾದರು. ತೊಡಕು ಏನೆಂದರೆ ಆ ಸ್ಥಾನಕ್ಕೆ ಕನಿಷ್ಠ 40 ವರ್ಷ ಆಗಿರಬೇಕು, ಗಿಬ್ರಾನ್‌ಗೆ ಆಗ 36. 2023ರ ಅಕ್ಟೋಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ, ಸ್ಥಳೀಯ ಆಡಳಿತಕ್ಕೆ ಚುನಾಯಿತರಾಗಿ ಬಂದವರಿಗೆ ಈ ವಯಸ್ಸಿನ ನಿಯಮ ಅನ್ವಯಿಸುವುದಿಲ್ಲ ಅಂದುಬಿಟ್ಟಿತು. ಗಿಬ್ರಾನ್ ಆಗ ಸೋಲೋ ನಗರದ ಮೇಯರ್. ಆ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ವಿಡೋಡೊ ಅವರ ತಂಗಿಯ ಗಂಡ! ಮುಂದಿನ ತಿಂಗಳೇ ನ್ಯಾಯಮೂರ್ತಿಗಳ ನಡತೆ ವಿಚಾರಿಸುವ ಮಂಡಳಿ ಅವರನ್ನು ಮುಖ್ಯ ಸ್ಥಾನದಿಂದ ಇಳಿಸಿತು, ಆದರೆ ತೀರ್ಪು ಹಾಗೇ ಉಳಿಯಿತು.

ಈ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವುದರಲ್ಲಿ ಇಲ್ಲಿನ ಲೇಖಕರು ಪಳಗಿದವರು. ಚುನಾವಣೆ ಮುಗಿದ ಮೇಲೂ ಬಿಡುವುದಿಲ್ಲ. 2025ರ ಜನವರಿಯಲ್ಲಿ ಪ್ರಬೋವೊ ಸರ್ಕಾರ ಶಾಲಾಮಕ್ಕಳಿಗೆ ಉಚಿತ ಊಟ ಶುರು ಮಾಡಿತು. ನಮ್ಮ ಬಿಸಿಯೂಟ ಕಂಡವರಿಗೆ ಇದು ಕುತೂಹಲದ ವಿಷಯ ಅಲ್ವಾ? ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಶುರುವಾಗಿ ನಿಧಾನಕ್ಕೆ ಹಬ್ಬಿತು. ಹಳ್ಳಿ ಶಾಲೆಗಳಲ್ಲಿ ಅಡುಗೆ ಮಾಡುವವರು ಅದೇ ಊರಿನ ಹೆಣ್ಣುಮಕ್ಕಳು. ಇಂಡೊನೇಷ್ಯಾದಲ್ಲಿ ಒಂದೊಂದು ಕಡೆ ಸಾವಿರಾರು ಮಕ್ಕಳಿಗೆ ಬೇಯಿಸುವ ದೊಡ್ಡ ಅಡುಗೆಮನೆಗಳು, ಅದನ್ನೂ ಅವಸರದಲ್ಲಿ ಹಬ್ಬಿಸಿದರು. ಆ ವರ್ಷವೇ ಸಾವಿರಾರು ಮಕ್ಕಳು ಊಟ ಉಂಡು ಹುಷಾರು ತಪ್ಪಿದರು. ಯೋಜನೆಗೆ ಹಣ ಹೊಂದಿಸಲು ಬೇರೆ ಇಲಾಖೆಗಳ ಖರ್ಚಿಗೆ ಕತ್ತರಿ ಬಿತ್ತು, ವಿದ್ಯಾರ್ಥಿಗಳು ಬೀದಿಗೆ ಬಂದರು. ಊಟ, ಬಜೆಟ್, ಬೀದಿ ಹೋರಾಟ ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ ಅನ್ನುವುದು ನನಗೆ ತಿಳಿದದ್ದು ಇಲ್ಲಿ ಓದಿಯೇ.

ಸಮಾಜದ ವಿಷಯಕ್ಕೆ ಬಂದರೆ ದಕ್ಷಿಣ ಕೊರಿಯಾ ಕುರಿತ ಬರಹಗಳನ್ನು ನಾನು ಹುಡುಕಿಕೊಂಡು ಓದುತ್ತೇನೆ. ಅಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿಯಿತು. 2024ರಲ್ಲಿ 0.75 ಆಯಿತು, ಒಂಬತ್ತು ವರ್ಷದಲ್ಲಿ ಮೊದಲ ಏರಿಕೆ. ಸರ್ಕಾರ ವರ್ಷಗಳಿಂದ ಹಣ ಸುರಿಯುತ್ತಲೇ ಇದೆ. ಆದರೂ ಯಾಕೆ ಮಕ್ಕಳು ಹುಟ್ಟುತ್ತಿಲ್ಲ? ಸೋಲ್ ನಗರದ ಮನೆ ಬೆಲೆ, ಶಾಲೆ ಮುಗಿದ ಮೇಲೂ ರಾತ್ರಿವರೆಗೆ ನಡೆಯುವ ಟ್ಯೂಷನ್ನು, ಆಫೀಸಿನ ಮುಗಿಯದ ಕೆಲಸ, ಮಗು ಆದ ಮೇಲೆ ಕೆಲಸ ಬಿಡಬೇಕಾದವಳು ಹೆಂಗಸೇ ಅನ್ನುವ ರೂಢಿ. ಇದನ್ನೆಲ್ಲ ಓದುವಾಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ನಮ್ಮ ಹುಡುಗ ಹುಡುಗಿಯರು ಕಣ್ಣ ಮುಂದೆ ಬರುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ 1.7. ನಾವು ಕೊರಿಯಾ ಆಗಿಲ್ಲ, ಆದರೆ ಇಳಿಯುವ ದಾರಿಯಲ್ಲಿದ್ದೇವೆ. ಕೊರಿಯಾ ಹೇಗೆ ಇಲ್ಲಿಗೆ ಬಂತು ಅಂತ ಈಗಲೇ ತಿಳಿದುಕೊಳ್ಳುವುದು ನಮಗೆ ತೀರಾ ಮುಖ್ಯ.

2024ರ ಡಿಸೆಂಬರ್ 3ರ ರಾತ್ರಿ ಅದೇ ದೇಶದ ಅಧ್ಯಕ್ಷ ಯೂನ್ ಸುಕ್-ಯೋಲ್ ಸೇನಾಡಳಿತ ಘೋಷಿಸಿದಾಗ, ಕೆಲವೇ ಗಂಟೆಗಳಲ್ಲಿ 190 ಸಂಸದರು ಸೇರಿ ಒಮ್ಮತದಿಂದ ಬೇಡ ಅಂದರು. ಆ ರಾತ್ರಿ ಏನಾಗುತ್ತಿದೆ ಅಂತ ತಿಳಿಯಲು ಇದು ಸರಿಯಾದ ಜಾಗ ಅಲ್ಲ. ಬಿಸಿ ಸುದ್ದಿ ಇಲ್ಲಿ ಸಿಗುವುದಿಲ್ಲ. ಆದರೆ ಮುಂದಿನ ವಾರಗಳಲ್ಲಿ, 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅವರನ್ನು ವಜಾ ಮಾಡುವವರೆಗೂ, ಓದಬೇಕಾದದ್ದು ಇಲ್ಲೇ.

ಇನ್ನು ನನಗೆ ಒಪ್ಪಿಗೆಯಾಗದ ವಿಷಯ. ನಮ್ಮೂರು ಕೋಲಾರದ ಕಡೆ, ಮನೆಯಲ್ಲಿ ಡೇರಿಗೆ ಹಾಲು ಹಾಕುತ್ತೇವೆ. 2019ರಲ್ಲಿ ಆರ್‌ಸಿಇಪಿ ಅನ್ನುವ, ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದ ವಿರುದ್ಧ ರಾಜ್ಯದ ರೈತ ಸಂಘಟನೆಗಳು ದನಿ ಎತ್ತಿದ್ದು ಎಲ್ಲರಿಗೂ ನೆನಪಿರಬೇಕು. ನಾನು ಇದನ್ನು ಓದಲು ಶುರು ಮಾಡಿದ್ದೇ ಆ ಒಪ್ಪಂದ ಏನು ಅಂತ ತಿಳಿಯಲು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಅದರಿಂದ ಹೊರಗೆ ಬಂತು. ಉಳಿದ 15 ದೇಶಗಳು 2020ರಲ್ಲಿ ಸಹಿ ಹಾಕಿದವು, 2022ರ ಜನವರಿಯಿಂದ ಜಾರಿಯಾಯಿತು. ಈಸ್ಟ್ ಏಷ್ಯಾ ಫೋರಂನಲ್ಲಿ ಭಾರತ ಬಿಟ್ಟಿದ್ದು ತಪ್ಪು, ಮತ್ತೆ ಸೇರಬೇಕು ಅನ್ನುವ ದನಿಯೇ ಜಾಸ್ತಿ. ಮುಕ್ತ ವ್ಯಾಪಾರದಿಂದ ಎಲ್ಲರಿಗೂ ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿನ ಸಂಪಾದಕೀಯಗಳ ತಳಹದಿ.

ಅವರ ವಾದದಲ್ಲಿ ಹುರುಳಿದೆ. ನಮ್ಮದೇ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ಫೋನಿನ ಬಿಡಿಭಾಗ ಹಲವು ದೇಶ ದಾಟಿ ಬರುತ್ತದೆ, ಸುಂಕ ಹೆಚ್ಚಿದಷ್ಟೂ ಇಲ್ಲಿ ಮಾಡುವುದು ದುಬಾರಿ. ಆ ಫ್ಯಾಕ್ಟರಿ ಬಸ್ಸು ಹತ್ತುವ ಹುಡುಗಿಯರ ಮನೆಗಳಲ್ಲೇ ಎರಡು ಹಸು ಇರುತ್ತವೆ. ಆದರೆ ಆ ಒಪ್ಪಂದದಲ್ಲಿರುವ ನ್ಯೂಜಿಲೆಂಡ್ ತನ್ನ ಹಾಲಿನ ಉತ್ಪನ್ನಗಳಲ್ಲಿ ಬಹುಪಾಲು ಹೊರಗೆ ಮಾರಲೆಂದೇ ತಯಾರಿಸುತ್ತದೆ. ಅಲ್ಲಿನ ಒಂದು ಹಿಂಡಿನಲ್ಲಿ ನೂರಾರು ಹಸು. ಅಲ್ಲಿಂದ ಅಗ್ಗದ ಹಾಲಿನ ಉತ್ಪನ್ನ ಬಂದರೆ ನಮ್ಮ ಹಾಲಿನ ಬೆಲೆ ಬೀಳುತ್ತದೆ ಅನ್ನುವುದೇ ರೈತರ ಭಯ. ನಮ್ಮಲ್ಲಿ ಹಿಂಡಿ ಬೂಸಾ ಬೆಲೆ ಏರಿದರೆ ಸಾಕು, ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುವ ಪ್ರೋತ್ಸಾಹಧನವೇ ಆಸರೆ. ಹಾಲಿನ ಬಟವಾಡೆ ದುಡ್ಡಲ್ಲೇ ಮಕ್ಕಳ ಫೀಸು, ಅಂಗಡಿ ಸಾಲ ಎಲ್ಲ ಕಳೆಯುತ್ತದೆ. ಇಂಥ ಮನೆಗಳ ಲೆಕ್ಕಾಚಾರ ಇಲ್ಲಿನ ಬರಹಗಳಲ್ಲಿ ಬರುವುದು ಕಡಿಮೆ. ಬಂದರೂ ‘ದೇಶದೊಳಗಿನ ವಿರೋಧ’ ಅನ್ನುವ ಎರಡು ಪದದಲ್ಲಿ ಮುಗಿಯುತ್ತದೆ. ವಿದ್ವಾಂಸರು ಒಂದು ತಾಲೂಕಿನ ಡೇರಿ ಮುಂದೆ ಬೆಳಿಗ್ಗೆ ಆರು ಗಂಟೆಗೆ ನಿಂತು ನೋಡಿ ಬರೆಯಬೇಕು ಅಂತ ನನ್ನ ಆಸೆ.

ಉಳಿದ ಕೊರತೆಗಳು ಚಿಕ್ಕವು. ಜಪಾನ್, ಚೀನಾ, ಆಗ್ನೇಯ ಏಷ್ಯಾಕ್ಕೆ ಸಿಗುವ ಜಾಗ ನಮ್ಮ ನೆರೆಹೊರೆಗೆ ಸಿಗುವುದಿಲ್ಲ. ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳದ ಬಗ್ಗೆ ಒಳ್ಳೆಯ ಲೇಖನ ಬರುತ್ತವೆ, ಆದರೆ ವಿರಳ. ಜನಸಾಮಾನ್ಯರ ಮಾತು ನೇರವಾಗಿ ಕೇಳಿಸುವುದಿಲ್ಲ. ಇಂಗ್ಲಿಷ್ ಸರಳವಾಗಿದ್ದರೂ ಅರ್ಥಶಾಸ್ತ್ರದ ಪದಗಳಿಗೆ ಮೊದಮೊದಲು ತಡವರಿಸಬೇಕಾಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೆಎಎಸ್, ಯುಪಿಎಸ್‌ಸಿಗೆ ಓದುವವರು, ರಾಜ್ಯಶಾಸ್ತ್ರ ಕಲಿಸುವ ಮೇಷ್ಟ್ರುಗಳು, ಸಿಂಗಪುರ, ಟೋಕಿಯೊದಲ್ಲಿ ಕೆಲಸಕ್ಕಿರುವ ನಮ್ಮವರು ಖಂಡಿತ ಓದಿ. ಎಲ್ಲವನ್ನೂ ಓದಲು ಹೋಗಬೇಡಿ, ಸುಮ್ನೆ ಸುಸ್ತಾಗುತ್ತದೆ. ವರ್ಷದ ಕೊನೆಗೆ ದೇಶವಾರು ಆ ವರ್ಷದ ಅವಲೋಕನ ಬರೆಸುತ್ತಾರೆ, ಅಲ್ಲಿಂದ ಶುರು ಮಾಡಿ. ಒಂದು ದೇಶ ಆರಿಸಿಕೊಂಡು ಹಿಂದಿನ ಮೂರು ವರ್ಷದ್ದು ಒಟ್ಟಿಗೆ ಓದಿ. ಆಮೇಲೆ ಅದೇ ದೇಶದ ಬಗ್ಗೆ ಸಿಂಗಪುರದ ಐಸಿಯಾಸ್ ಸಂಸ್ಥೆಯ ಫಲ್ಕ್ರಮ್‌ನಲ್ಲಿ ಏನು ಬರೆದಿದ್ದಾರೆ ನೋಡಿ. ಅದು ಆಗ್ನೇಯ ಏಷ್ಯಾಕ್ಕೇ ಮೀಸಲು, ಅದೂ ಉಚಿತ. ಇಂಡೊನೇಷ್ಯಾ ಅಥವಾ ವಿಯೆಟ್ನಾಂ ಆರಿಸಿಕೊಂಡರೆ ಎರಡರಲ್ಲೂ ಬೇಕಾದಷ್ಟು ಸಿಗುತ್ತದೆ.